ಮಳೆಗಾಲಕ್ಕೆ ಮುಂಚೆ ಬಾವಿ, ಒರತೆ, ಶೌಚಗುಂಡಿ: ಕೊಡಗಿನ ಮನೆ ಮತ್ತು ತೋಟದಾಳುಗಳ ಲೈನ್ ಮನೆಗಳಿಗೆ ಸುರಕ್ಷಿತ ನೀರಿನ ಸಮಗ್ರ ಮಾರ್ಗದರ್ಶಿ

ಗುಡ್ಡದ ಒರತೆ ನೀರು ತಿಳಿಯಾಗಿದೆ, ತಣ್ಣಗಿದೆ, ರುಚಿಯಾಗಿದೆ ಎಂದು ಕಾಯಿಸದೆ ಕುಡಿಯುವ ರೂಢಿ ಕೊಡಗಿನಲ್ಲಿ ಇನ್ನೂ ಹೋಗಿಲ್ಲ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ತರುವ ಸೂಕ್ಷ್ಮಾಣುಗಳು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಇಲ್ಲಿ ಮನೆಗಳಿರುವುದು ಇಳಿಜಾರಿನಲ್ಲಿ, ಒಂದರ ಕೆಳಗೊಂದು. ಮೇಲಿನ ಮನೆಯ ಶೌಚಗುಂಡಿಗೂ ಕೆಳಗಿನ ಮನೆಯ ಬಾವಿಗೂ ನಡುವೆ ಇರುವುದು ಮಣ್ಣು ಮಾತ್ರ. ಬೇಸಿಗೆಯಲ್ಲಿ ಆ ಮಣ್ಣು ಕೊಳೆಯನ್ನು ಸೋಸಿ ಹಿಡಿದಿಡುತ್ತದೆ. ಜೂನ್ ಕಳೆದು ಮಣ್ಣೆಲ್ಲ ನೀರು ತುಂಬಿ ತೊಯ್ದ ಮೇಲೆ ಸೋಸುವ ಶಕ್ತಿ ಕುಗ್ಗಿ, ಗುಂಡಿಯ ನೀರು ಬೇಗನೆ ಕೆಳಗಿಳಿಯುತ್ತದೆ. ಜಂಬಿಟ್ಟಿಗೆ ಕಲ್ಲಿನ ಪದರದಲ್ಲಿ ಬಿರುಕು, ಸುರಂಗದಂಥ ರಂಧ್ರಗಳಿದ್ದರಂತೂ ಸೋಸುವಿಕೆ ನಡೆಯುವುದೇ ಇಲ್ಲ.

ಹಾಗಾಗಿ ಕೆಲಸದ ಕ್ರಮ ಮೇಲಿನಿಂದ ಕೆಳಕ್ಕೆ: ಮೊದಲು ಇಳಿಜಾರು, ಆಮೇಲೆ ಬಾವಿ ಅಥವಾ ಒರತೆ, ನಂತರ ಕ್ಲೋರಿನ್, ಕೊನೆಗೆ ಅಡುಗೆಮನೆಯ ಕೊಡ. ಬಹಳ ಕಡೆ ನಡೆಯುವುದು ಇದರ ತಿರುವುಮುರುವು. ಮೊದಲು ದುಬಾರಿ ಫಿಲ್ಟರ್ ಬರುತ್ತದೆ, ಬಾವಿಯ ತಲೆಯ ಮೇಲಿನ ಶೌಚಗುಂಡಿ ಮಾತ್ರ ಇದ್ದಲ್ಲೇ ಇರುತ್ತದೆ. ಕರೆಂಟ್ ಹೋದ ದಿನ, ಕ್ಯಾಂಡಲ್ ಒಡೆದ ದಿನ ಫಿಲ್ಟರಿನಿಂದ ಪ್ರಯೋಜನವಿಲ್ಲ. ಸರಿಯಾದ ಜಾಗದಲ್ಲಿರುವ ಗುಂಡಿ ಮಾತ್ರ ಎಲ್ಲ ದಿನವೂ ಕಾಯುತ್ತದೆ.

ಮೊದಲ ಹೆಜ್ಜೆ: ಇಳಿಜಾರು ಹತ್ತಿ ನೋಡುವುದು

ಬಾವಿಯ ಬಳಿ ನಿಂತು ಮೇಲ್ಮುಖವಾಗಿ, ಎಡಬಲಕ್ಕೂ ಹರಡಿ, ನೂರಡಿ ನಡೆಯಿರಿ. ಒಂದು ಹಾಳೆಯಲ್ಲಿ ನಕ್ಷೆ ಗೀಚಿ, ಕಂಡದ್ದನ್ನೆಲ್ಲ ಗುರುತು ಹಾಕಿ: ಶೌಚಗುಂಡಿ, ಸೆಪ್ಟಿಕ್ ಟ್ಯಾಂಕಿನ ಹೊರಗುಂಡಿ, ದನದ ಕೊಟ್ಟಿಗೆ, ಹಂದಿಗೂಡು, ಗೊಬ್ಬರದ ರಾಶಿ, ಬಚ್ಚಲು ನೀರು ಇಂಗುವ ಜಾಗ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಹರಿಯುವ ಕಾಲುವೆ, ಔಷಧಿ ಕಲಸುವ ಡ್ರಮ್ಮು.

ಶೌಚಗುಂಡಿ ಮತ್ತು ಕುಡಿಯುವ ನೀರಿನ ನಡುವೆ ನೂರಡಿ, ಅಂದರೆ 30 ಮೀಟರ್ ಅಂತರ ಇರಬೇಕು. ಗುಂಡಿ ಬಾವಿಗಿಂತ ಕೆಳಗಿನ ಮಟ್ಟದಲ್ಲಿರಬೇಕು. ಅಂತರಕ್ಕಿಂತ ಮಟ್ಟವೇ ಮುಖ್ಯ. ನೂರಿಪ್ಪತ್ತು ಅಡಿ ಮೇಲಿರುವ ಗುಂಡಿಗಿಂತ ಎಪ್ಪತ್ತು ಅಡಿ ಕೆಳಗಿರುವ ಗುಂಡಿಯ ಅಪಾಯ ಕಡಿಮೆ. ಗುಂಡಿ ಮೇಲಿದ್ದು, ಬೇರೆ ಜಾಗವೇ ಇಲ್ಲದಿದ್ದರೆ ಆ ಬಾವಿಯ ನೀರನ್ನು ವರ್ಷವಿಡೀ ಕ್ಲೋರಿನ್ ಹಾಕದೆ ಕುಡಿಯಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ತೋಟದ ರಾಸಾಯನಿಕಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಕುದಿಸಿದರೂ ಕ್ಲೋರಿನ್ ಹಾಕಿದರೂ ಅವು ಹೋಗುವುದಿಲ್ಲ. ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತು, ಸುಣ್ಣ ಕಲಸುವ ಡ್ರಮ್ಮನ್ನು ನೀರು ಹತ್ತಿರವಿದೆ ಎಂದು ಬಾವಿಕಟ್ಟೆಯಲ್ಲೇ ಇಡುತ್ತಾರೆ. ಸ್ಪ್ರೇಯರನ್ನೂ ಅಲ್ಲೇ ತೊಳೆಯುತ್ತಾರೆ. ಎರಡೂ ಕೂಡದು. ಕಲಸುವ, ತೊಳೆಯುವ ಜಾಗ ಬಾವಿಯಿಂದ ಕೆಳಗೆ, ದೂರದಲ್ಲಿ ಇರಲಿ, ನೀರನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ. ಗದ್ದೆಯಲ್ಲಿ ಶುಂಠಿ ಹಾಕಿದ್ದರೆ ಅದರ ಕೆಳಗಿನ ಬಾವಿಯ ನೀರಿನಲ್ಲಿ ಗೊಬ್ಬರದಿಂದ ಇಳಿಯುವ ನೈಟ್ರೇಟ್ ಎಷ್ಟಿದೆ ಎಂದು ಪರೀಕ್ಷಿಸಿಯೇ ಕುಡಿಯಿರಿ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಸುಗೂಸಿಗೆ ಹಾಲುಪುಡಿ ಕಲಸುವುದು ಅಪಾಯ. ಕುದಿಸಿದರೆ ನೀರು ಇಂಗಿ ನೈಟ್ರೇಟ್ ಇನ್ನಷ್ಟು ಗಾಢವಾಗುತ್ತದೆ.

ಪಲ್ಪರ್ ನೀರು ಹುಳಿಯಾಗಿರುತ್ತದೆ, ಅದರ ತುಂಬ ಸಕ್ಕರೆ ಮತ್ತು ಹಣ್ಣಿನ ಲೋಳೆ. ಕಾಫಿ ಕೊಯ್ಲು ನಡೆಯುವುದು ಕೊಲ್ಲಿ, ತೋಡುಗಳಲ್ಲಿ (ಸಣ್ಣ ಹಳ್ಳಗಳಲ್ಲಿ) ಹರಿವು ಇಳಿಯುತ್ತಾ ಹೋಗುವ ತಿಂಗಳುಗಳಲ್ಲೇ. ಈ ನೀರು ಸೇರಿದ ತೋಡಿನ ಪಕ್ಕದ ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿದರೂ ಕ್ಲೋರಿನ್ ನಿಲ್ಲುವುದಿಲ್ಲ. ನೀರಿನಲ್ಲಿರುವ ಸಾವಯವ ಕೊಳೆಯೇ ಅದನ್ನೆಲ್ಲ ತಿಂದುಹಾಕುತ್ತದೆ. ಪಲ್ಪಿಂಗ್ ನೀರನ್ನು ಸುಣ್ಣ ಹಾಕಿ ಹುಳಿ ಕಳೆದು, ತಳ ಇಂಗದಂತೆ ಮಾಡಿದ ಹೊಂಡಗಳಲ್ಲಿ ಕೊಳೆಸಿ ತಿಳಿಗೊಳಿಸಿದ ಮೇಲೆಯೇ ಬಿಡಬೇಕು.

ತೆರೆದ ಬಾವಿಯ ದುರಸ್ತಿ

ಇದಕ್ಕೆ ಸರಿಯಾದ ಕಾಲ ಮಾರ್ಚ್, ಏಪ್ರಿಲ್. ನೀರು ತಳ ಹಿಡಿದಿರುತ್ತದೆ, ಗೋಡೆ ಕಾಣುತ್ತದೆ.

1. ಮೇಲಿನ ಹತ್ತಡಿ ಗೋಡೆಯಲ್ಲಿ ನೀರು ಒಸರಬಾರದು. ಬಾವಿಗೆ ಕೊಳೆ ಬರುವುದು ಹೆಚ್ಚಾಗಿ ಇಲ್ಲಿಂದಲೇ, ನೆಲದ ಮೇಲ್ಪದರದ ನೀರಿನ ಜೊತೆ. ಬರೀ ಜಂಬಿಟ್ಟಿಗೆ ಕೊರೆದ ಬಾವಿಯಾದರೆ ಸಿಮೆಂಟ್ ರಿಂಗ್ ಇಳಿಸಿ, ಅಥವಾ ಕಲ್ಲು ಕಟ್ಟಿ ಗಾರೆ ಮಾಡಿ. ರಿಂಗಿನ ಹೊರಗೆ ಉಳಿಯುವ ಸಂದಿಗೆ ಮರಳು ತುಂಬುವುದು ದೊಡ್ಡ ತಪ್ಪು. ಅದು ಮಳೆ ನೀರಿಗೆ ದಾರಿ ಮಾಡಿಕೊಟ್ಟಂತೆ. ಹದವಾಗಿ ಕಲಸಿದ ಜೇಡಿಮಣ್ಣನ್ನು ಅರ್ಧರ್ಧ ಅಡಿ ಹಾಕಿ ದಮ್ಮಸ್ಸು ಹೊಡೆಯುತ್ತಾ ಬನ್ನಿ.

2. ಕಟ್ಟೆ ನೆಲದಿಂದ ಎರಡೂವರೆ ಅಡಿಯಾದರೂ ಎತ್ತರವಿರಲಿ. ಬಟ್ಟೆ ಒಗೆಯುವ ಕಲ್ಲನ್ನು ಕಟ್ಟೆಯ ಬಳಿಯಿಂದ ತೆಗೆದು ಕೆಳಗೆ ಹಾಕಿ.

3. ಬಾವಿಯ ಸುತ್ತ ನಾಲ್ಕರಿಂದ ಆರು ಅಡಿ ಅಗಲದ ಸಿಮೆಂಟ್ ಹಾಸು, ಹೊರಕ್ಕೆ ಇಳಿಜಾರಾಗಿ, ಅಂಚಿನಲ್ಲಿ ಚರಂಡಿ. ಚರಂಡಿ ಕನಿಷ್ಠ 20 ಅಡಿ ದೂರ ಹೋಗಿ ಬಾಳೆ ಬುಡಕ್ಕೋ ಕೆಸುವಿನ ಮಡಿಗೋ ಸೇರಲಿ. ಹಾಸಿಗೂ ಕಟ್ಟೆಗೂ ಕೂಡುವ ಜಾಗವನ್ನು ಬೆರಳಾಡಿಸಿ ನೋಡಿ. ಬಿರುಕು ಬಿಡುವುದು ಅಲ್ಲೇ. ಕೂದಲೆಳೆಯಷ್ಟು ಬಿರುಕಿದ್ದರೂ ಚೆಲ್ಲಿದ ನೀರೆಲ್ಲ ವಾಪಸ್ ಬಾವಿಗೇ ಇಳಿಯುತ್ತದೆ.

4. ಮೇಲ್ಬದಿಯಲ್ಲಿ, ಬಾವಿಯಿಂದ 25 ಅಡಿ ದೂರದಲ್ಲಿ, ಬಿಲ್ಲಿನಾಕಾರದ ಅಡ್ಡಗಾಲುವೆ ತೋಡಿ: ಒಂದೂವರೆ ಅಡಿ ಆಳ, ಒಂದೂವರೆ ಅಡಿ ಅಗಲ. ಗುಡ್ಡದ ಮೇಲಿನಿಂದ ಬರುವ ಕೆಂಪು ನೀರು ಎರಡೂ ಪಕ್ಕಕ್ಕೆ ಸರಿದು ಹೋಗಬೇಕು. ಕಡಿದಾದ ಜಾಗದಲ್ಲಿ ಕಾಲುವೆಯ ನೀರು ನಿಂತು ಇಂಗಿದರೆ ಬರೆ ಜರಿಯುವ ಅಪಾಯವಿದೆ, ಆದ್ದರಿಂದ ಹರಿವಿಗೆ ತಕ್ಕ ಓಟ ಕೊಡಿ, ತುದಿಯಲ್ಲಿ ಕಲ್ಲು ಹಾಸಿ.

5. ಬಾಯಿಗೆ ಮುಚ್ಚಳ. ಸಿಲ್ವರ್ ಓಕ್ ಎಲೆ, ಕಪ್ಪೆ, ಇಲಿ, ಬಾವಲಿ ಹಿಕ್ಕೆ ಬಿದ್ದ ಬಾವಿಗೆ ಕ್ಲೋರಿನ್ ಹಾಕುವುದು ದುಡ್ಡು ದಂಡ. ಸ್ಲ್ಯಾಬ್ ಹಾಕಿ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟರೆ ಉತ್ತಮ. ಆಗದಿದ್ದರೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಹಾಕಿ. ಮೀನು ಬಲೆ ಎಲೆಯನ್ನಷ್ಟೇ ತಡೆಯುತ್ತದೆ.

ಬಾವಿಯೊಳಗೆ ಇಳಿಯುವವರಿಗೆ ಒಂದು ಮಾತು. ಆಳದಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು, ದೀಪ ಉರಿಯಿತು ಎಂದ ಮಾತ್ರಕ್ಕೆ ನಂಬಬೇಡಿ. ಇಳಿಯುವ ಮುಂಚೆ ಬಹಳ ಹೊತ್ತು ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಗಟ್ಟಿಯಾಳುಗಳು ಹಗ್ಗ ಹಿಡಿದಿರಲಿ. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆ ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ಒಬ್ಬ ಕೆಳಗೆ ಬಿದ್ದರೆ ಇನ್ನೊಬ್ಬ ಹಾಗೆಯೇ ಇಳಿಯಬಾರದು. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಗೆ ಯಾರೂ ಇಳಿಯಕೂಡದು.

ಒರತೆಯನ್ನು ಪೆಟ್ಟಿಗೆಯೊಳಗೆ ತರುವುದು

ಮೊದಲು ಅಳತೆ. ಕಾಫಿ ಅರಳಿಸುವ ಹೂ ಮಳೆಗೆ ಮುಂಚೆ, ಒರತೆ ಅತಿ ಸಣ್ಣಗಿರುವಾಗ, 20 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. ಎರಡು ನಿಮಿಷ ಬೇಕಾದರೆ ನಿಮಿಷಕ್ಕೆ 10 ಲೀಟರ್, ದಿನಕ್ಕೆ 14,400 ಲೀಟರ್. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಇಟ್ಟುಕೊಂಡ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಮನೆಗೆ ಐವರಂತೆ ಹನ್ನೆರಡು ಲೈನ್ ಮನೆಗಳಿಗೆ 3,300 ಲೀಟರ್ ಸಾಕು. ಅಂದರೆ ಸಣ್ಣದಾಗಿ ಕಾಣುವ ಒರತೆಯೂ ಧಾರಾಳವಾಯಿತು. ಕೊರತೆಯಾಗುವುದು ಬೆಳಗ್ಗೆ ಎಲ್ಲರೂ ಒಟ್ಟಿಗೆ ನೀರು ಹಿಡಿಯುವ ಹೊತ್ತಿನಲ್ಲಿ, ಅದಕ್ಕೆ ರಾತ್ರಿ ತುಂಬುವ 2,000 ಲೀಟರಿನ ಟ್ಯಾಂಕ್ ಪರಿಹಾರ. ಅಳತೆ ಮಾಡದೆ ಬೋರ್ ಕೊರೆಸಲು ಹೊರಡಬೇಡಿ.

ಆಮೇಲೆ ಒರತೆಯ ಕಣ್ಣು ಹುಡುಕಬೇಕು. ನೀರು ಕಾಣಿಸಿಕೊಳ್ಳುವ ಜಾಗವೇ ಕಣ್ಣು ಎನ್ನುವಂತಿಲ್ಲ, ಎಷ್ಟೋ ಸಲ ಅದು ಮಣ್ಣಿನಡಿ ಹಲವು ಅಡಿ ಹರಿದು ಬಂದಿರುತ್ತದೆ. ಹೊರಬರುವ ಜಾಗದಿಂದ ಗುಡ್ಡದ ಕಡೆಗೆ ಮೆಲ್ಲಗೆ ಅಗೆಯುತ್ತಾ, ಗಟ್ಟಿ ಪದರ ಅಥವಾ ಬಂಡೆಯ ಮೇಲಿಂದ ನೀರು ಜಿನುಗುವ ಜಾಗ ಸಿಗುವವರೆಗೆ ಹೋಗಿ. ಹಾರೆಯಿಂದ ಆ ಗಟ್ಟಿ ಪದರವನ್ನು ಒಡೆದರೆ ನೀರು ಕೆಳಗಿಳಿದು ಒರತೆಯೇ ಮಾಯವಾಗಬಹುದು. ಸಿಡಿಮದ್ದಂತೂ ಬೇಡವೇ ಬೇಡ.

ಕಣ್ಣಿನ ಎದುರು ಸುಮಾರು ಮೂರಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ಪೆಟ್ಟಿಗೆ ಕಟ್ಟಿ. ಗುಡ್ಡದ ಕಡೆಯ ಗೋಡೆಯಲ್ಲಿ ಕೆಳಗೆ ರಂಧ್ರಗಳಿರಲಿ, ಅದರ ಹಿಂದೆ ತೊಳೆದ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ. ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಒಂದಡಿ ಜೇಡಿಮಣ್ಣು ತುಳಿದು ಗಟ್ಟಿ ಮಾಡಿ, ಆಮೇಲೆ ಮಾಮೂಲಿ ಮಣ್ಣು. ಪೆಟ್ಟಿಗೆಗೆ ಮೂರು ಪೈಪು:

ಹೆಚ್ಚಾದ ನೀರು ಹೋಗುವ ಹೊರಹರಿವಿನ ಪೈಪು ಎರಡು ಇಂಚಿನದು, ಒರತೆಯ ಕಣ್ಣಿಗಿಂತ ಕೆಳಗೆ. ಇಡೀ ಕೆಲಸದ ಜೀವಾಳ ಇದು. ಹೆಚ್ಚು ನೀರು ನಿಲ್ಲಲಿ ಎಂದು ಇದನ್ನು ಕಣ್ಣಿಗಿಂತ ಎತ್ತರದಲ್ಲಿ ಕೂರಿಸಿದರೆ ಪೆಟ್ಟಿಗೆಯ ನೀರು ಒರತೆಯನ್ನೇ ಹಿಂದಕ್ಕೆ ಒತ್ತುತ್ತದೆ. ಒರತೆ ಪಕ್ಕದಲ್ಲಿ ಬೇರೆ ದಾರಿ ಹಿಡಿಯುತ್ತದೆ, ಮರುವರ್ಷ ಪೆಟ್ಟಿಗೆ ಒಣಗಿ ನಿಂತಿರುತ್ತದೆ. ಮನೆಗೆ ಹೋಗುವ ಪೈಪು ಒಂದು ಇಂಚಿನದು, ತಳದಿಂದ ನಾಲ್ಕು ಇಂಚು ಮೇಲೆ, ಬಾಯಿಗೆ ಜಾಲರಿ. ಮೂರನೆಯದು ತಳಮಟ್ಟದಲ್ಲಿ ಕೆಸರು ತೆಗೆಯುವ ಎರಡು ಇಂಚಿನ ಪೈಪು, ಹೊರಗೆ ಮುಚ್ಚಳ. ಹೊರಹರಿವಿನ ಪೈಪಿನ ತುದಿಗೂ ಜಾಲರಿ ಕಟ್ಟದಿದ್ದರೆ ಕಪ್ಪೆ, ಏಡಿ ಅಲ್ಲಿಂದಲೇ ಒಳಗೆ ಬರುತ್ತವೆ. ಮೇಲ್ಮುಚ್ಚಳದ ಬಾಯಿಗೆ ನಾಲ್ಕು ಇಂಚು ಎತ್ತರದ ಏಣು ಇರಲಿ, ಮುಚ್ಚಳ ಅದರ ಮೇಲೆ ಟೋಪಿಯಂತೆ ಕೂರಲಿ. ಮೇಲ್ಬದಿಗೆ ಬೇಲಿ ಮತ್ತು ಅಡ್ಡಗಾಲುವೆ, ಬಾವಿಗೆ ಹೇಳಿದಂತೆಯೇ.

ಪೈಪ್ ಎಳೆಯುವಾಗ ಇಳಿತದ ಎತ್ತರ ಲೆಕ್ಕ ಹಾಕಿ. 6 ಕೆಜಿ ಒತ್ತಡದ ಎಚ್‌ಡಿಪಿಇ ಪೈಪು ತಡೆಯುವುದು 60 ಮೀಟರ್ ಎತ್ತರದ ನೀರಿನ ಭಾರವನ್ನು. ಅದಕ್ಕಿಂತ ಹೆಚ್ಚು ಇಳಿತವಿದ್ದರೆ ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಿ ಒತ್ತಡ ಮುರಿಯಬೇಕು, ಇಲ್ಲದಿದ್ದರೆ ರಾತ್ರಿ ನಲ್ಲಿಗಳೆಲ್ಲ ಮುಚ್ಚಿದಾಗ ಕೆಳಗಿನ ಜಾಯಿಂಟುಗಳು ಬಿಡುತ್ತವೆ. ಪೈಪು ನಡುವೆ ದಿಣ್ಣೆ ಹತ್ತಿ ಇಳಿದರೆ ಆ ನೆತ್ತಿಯಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ, ಅಲ್ಲೊಂದು ಗಾಳಿ ಬಿಡುವ ವಾಲ್ವ್ ಬೇಕು. ಪೈಪನ್ನು ಎರಡರಿಂದ ಮೂರಡಿ ಆಳದಲ್ಲಿ ಹೂತಿಡಿ. ಆನೆ ಓಡಾಡುವ ಕಡೆ ನೆಲದ ಮೇಲೆ ಬಿದ್ದಿರುವ ಪೈಪು ಉಳಿಯುವುದಿಲ್ಲ. ತುಳಿದು ಒಡೆದ ಜಾಗದಿಂದ ಕೆಸರು ನೀರು ಒಳಹೊಕ್ಕರೆ ಒರತೆಯನ್ನು ಕಾಪಾಡಿದ್ದೆಲ್ಲ ವ್ಯರ್ಥ.

ಕ್ಲೋರಿನ್: ಎಷ್ಟು, ಯಾವಾಗ, ಎಲ್ಲಿ

ಬ್ಲೀಚಿಂಗ್ ಪೌಡರ್ ತಾಜಾ ಇದ್ದಾಗ ಅದರಲ್ಲಿ 30ರಿಂದ 33 ಶೇಕಡಾ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ ತಾಗಿದರೆ ಹಾರಿಹೋಗುತ್ತದೆ. ಆಟಿ ತಿಂಗಳ (ಜುಲೈ, ಆಗಸ್ಟ್) ಕೊಡಗಿನಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುವಾಗ, ಬೇಸಿಗೆಯಲ್ಲಿ ಬಾಯಿ ಬಿಚ್ಚಿದ ಮೂಟೆಯಲ್ಲಿ ಏನೂ ಉಳಿದಿರುವುದಿಲ್ಲ. ಮುದ್ದೆಯಾದ, ಮೂಗಿಗೆ ಘಾಟು ಹತ್ತದ ಪುಡಿ ಬರೀ ಸುಣ್ಣ. ಒಂದು ಕೆಜಿಯ ಪೊಟ್ಟಣಗಳನ್ನೇ ಕೊಂಡು, ಒಂದೊಂದಾಗಿ ಒಡೆದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕತ್ತಲಲ್ಲಿ ಇಡಿ. ಆಸಿಡ್, ಫಿನಾಯಿಲ್ ಜೊತೆ ಇಡಬೇಡಿ, ಅವುಗಳೊಂದಿಗೆ ಬೆರೆಸಲೂ ಬೇಡಿ. ಆಸಿಡ್ ತಾಗಿದರೆ ವಿಷಗಾಳಿ ಏಳುತ್ತದೆ.

ಬಾವಿಯ ನೀರಿನ ಲೆಕ್ಕ ಸುಲಭ: ವ್ಯಾಸ × ವ್ಯಾಸ × ನೀರಿನ ಆಳ × 22, ಅಳತೆಯೆಲ್ಲ ಅಡಿಯಲ್ಲಿ. ಉತ್ತರ ಲೀಟರಿನಲ್ಲಿ ಬರುತ್ತದೆ. ಆರಡಿ ವ್ಯಾಸ, ಹತ್ತಡಿ ನೀರು ಇದ್ದರೆ 6 × 6 × 10 × 22 = 7,920, ಅಂದರೆ ಸುಮಾರು 8,000 ಲೀಟರ್.

ತಿಳಿನೀರಿಗೆ ಮಾಮೂಲಿ ಪ್ರಮಾಣ 1,000 ಲೀಟರಿಗೆ ಎರಡೂವರೆ ಗ್ರಾಂ ಪುಡಿ. ಮೇಲಿನ ಬಾವಿಗೆ 20 ಗ್ರಾಂ. ಕಣ್ಣಂದಾಜು ಬೇಡ, ಅಂಗಡಿಯ ಇಲ್ಲವೇ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಅರೆದು, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಕಲಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಚೆನ್ನಾಗಿ ಬೆರೆಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಕೊನೆಯ ಕೊಡ ಎತ್ತಿದ ಮೇಲೆ ಹಾಕುವುದೇ ಅನುಕೂಲ.

ಬ್ಲೀಚಿಂಗ್ ಹಾಕಿದ್ದಷ್ಟೇ ಮುಖ್ಯವಲ್ಲ, ಉಳಿದಿದೆಯೇ ಎಂದು ನೋಡುವುದು ಮುಖ್ಯ. ಅದನ್ನು ಅಳೆಯುವ ಕ್ಲೋರೋಸ್ಕೋಪ್ ಎಂಬ ಕಿಟ್ ಪಂಚಾಯಿತಿಯ ನೀರುಗಂಟಿಯ ಬಳಿ ಅಥವಾ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಆರ್ಥೋಟೊಲಿಡಿನ್ ಹನಿ ಹಾಕಿದರೆ ನೀರು ಹಳದಿಯಾಗುತ್ತದೆ, ಬಣ್ಣವನ್ನು ಹತ್ತು ಸೆಕೆಂಡಿನೊಳಗೆ ಓದಬೇಕು. ತಡವಾದಷ್ಟೂ ಬಣ್ಣ ಗಾಢವಾಗಿ, ಇಲ್ಲದ ಕ್ಲೋರಿನ್ ಇದ್ದಂತೆ ತೋರುತ್ತದೆ. ಬಾವಿಯಲ್ಲಿ ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ, ಕೊನೆಯ ಮನೆಯ ನಲ್ಲಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಜುಲೈ ಬಂದಾಗ ಈ ವಿಧಾನ ಸೋಲುತ್ತದೆ. ಹೊರಗಿನ ನೀರು ಹಗಲಿರುಳು ಬಾವಿಗೆ ನುಗ್ಗುತ್ತಿರುತ್ತದೆ, ಹಾಕಿದ ಕ್ಲೋರಿನ್ ಬೆಳಗಾಗುವುದರೊಳಗೆ ತೆಳುವಾಗಿ ಹೋಗುತ್ತದೆ. ಹೆಚ್ಚು ಹೆಚ್ಚು ಪುಡಿ ಸುರಿಯುವುದು ಪರಿಹಾರವಲ್ಲ. ಆ ಮೂರು ತಿಂಗಳು ಬಾವಿಯನ್ನು ಬಿಟ್ಟು ಮೇಲಿನ ಟ್ಯಾಂಕಿಗೆ ಕ್ಲೋರಿನ್ ಹಾಕಬೇಕು ಎಂಬುದು ನಮ್ಮ ಖಚಿತ ಸಲಹೆ. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಗೊತ್ತಿರುತ್ತದೆ, ಹಾಕಿದ್ದು ಅಲ್ಲೇ ಇರುತ್ತದೆ.

ಅದಕ್ಕೆ ಒಂದು ಶೇಕಡಾ ದ್ರಾವಣ ಮಾಡಿಟ್ಟುಕೊಳ್ಳಿ: ಒಂದು ಲೀಟರ್ ನೀರಿಗೆ 33 ಗ್ರಾಂ ತಾಜಾ ಪುಡಿ, ಸ್ವಲ್ಪ ಹಳೆಯದಾದರೆ 40 ಗ್ರಾಂ. ತಿಳಿಯನ್ನು ಬಗ್ಗಿಸಿ ಕಪ್ಪು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ವಾರಕ್ಕೊಮ್ಮೆ ಹೊಸದಾಗಿ ಮಾಡಿ. ಇದರ 100 ಮಿಲಿಲೀಟರ್ 1,000 ಲೀಟರಿಗೆ ಬೆರೆತರೆ ಲೀಟರಿಗೆ 1 ಮಿಲಿಗ್ರಾಂ ಆಯಿತು. ಪಂಪ್ ಶುರು ಮಾಡುವಾಗ ಹಾಕಿದರೆ ನೀರು ಬೀಳುತ್ತಾ ತಾನೇ ಬೆರೆಯುತ್ತದೆ. ಟ್ಯಾಂಕ್ ತುಂಬಿ ಅರ್ಧ ಗಂಟೆ ಕಳೆದ ಮೇಲೆ ನಲ್ಲಿ ತಿರುಗಿಸಿ.

ನಿಮ್ಮ ನೀರಿಗೆ 1 ಮಿಲಿಗ್ರಾಂ ಸಾಕೇ ಎಂದು ತಿಳಿಯಲು ನಾಲ್ಕು ಬಕೆಟಿನ ಪರೀಕ್ಷೆ ಇದೆ. ನಾಲ್ಕು ಪ್ಲಾಸ್ಟಿಕ್ ಬಕೆಟುಗಳಲ್ಲಿ ತಲಾ 20 ಲೀಟರ್ ನೀರು ತುಂಬಿ, ಸಿರಿಂಜಿನಿಂದ ಕ್ರಮವಾಗಿ 1, 2, 3, 4 ಮಿಲಿಲೀಟರ್ ದ್ರಾವಣ ಹಾಕಿ ಕಲಕಿ. ಅರ್ಧ ಗಂಟೆಯ ನಂತರ ನಾಲ್ಕನ್ನೂ ಪರೀಕ್ಷಿಸಿ. 0.2ರಿಂದ 0.5 ಮಿಲಿಗ್ರಾಂ ಉಳಿದಿರುವ ಬಕೆಟ್ ಯಾವುದೋ ಅದೇ ನಿಮ್ಮ ಪ್ರಮಾಣ. ಮೂರನೆಯದಾದರೆ ಲೀಟರಿಗೆ 1.5 ಮಿಲಿಗ್ರಾಂ, ಅಂದರೆ 1,000 ಲೀಟರಿಗೆ 150 ಮಿಲಿಲೀಟರ್ ದ್ರಾವಣ. ನಾಲ್ಕನೆಯದರಲ್ಲೂ ಏನೂ ಉಳಿಯದಿದ್ದರೆ ನೀರಿನಲ್ಲಿ ಕೊಳೆ ವಿಪರೀತ ಇದೆ ಎಂದರ್ಥ, ಮತ್ತೆ ಇಳಿಜಾರು ಹತ್ತಿ ಹುಡುಕಿ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದರೂ ಹೀಗಾಗುತ್ತದೆ, ಆಗ ಕ್ಲೋರಿನ್ ಹಾಕಿದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥ ನೀರನ್ನು ಮೊದಲು ತೂತುಗಳಿರುವ ತಟ್ಟೆಗಳ ಮೇಲೆ ಬೀಳಿಸಿ ಗಾಳಿ ಆಡಿಸಿ, ಕೂರಲು ಬಿಟ್ಟು, ಮರಳಿನಲ್ಲಿ ಸೋಸಬೇಕು.

ಮಣ್ಣು ಬೆರೆತ ನೀರಿಗೂ ನೇರ ಕ್ಲೋರಿನ್ ಹಾಕಿ ಫಲವಿಲ್ಲ, ಮಣ್ಣಿನ ಕಣದ ಮರೆಯಲ್ಲಿ ಸೂಕ್ಷ್ಮಾಣು ಉಳಿದುಬಿಡುತ್ತದೆ. 20 ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಸ್ಫಟಿಕ ಕರಗಿಸಿ, ಜೋರಾಗಿ ಒಂದು ನಿಮಿಷ, ಮೆಲ್ಲಗೆ ಐದು ನಿಮಿಷ ಕಲಕಿ, ಕೂರಲು ಬಿಡಿ. ಇಲ್ಲಿನ ಮೆದು ನೀರಿನಲ್ಲಿ ಸ್ಫಟಿಕ ಕೆಲವೊಮ್ಮೆ ಹತ್ತಿಯಂಥ ಗಸಿ ಕಟ್ಟುವುದಿಲ್ಲ, ಒಂದು ಚಿಟಿಕೆ ಸುಣ್ಣದ ತಿಳಿ ಸೇರಿಸಿದರೆ ಕಟ್ಟುತ್ತದೆ.

ಪಂಪಿಲ್ಲದೆ ಸೇದುವ ಬಾವಿಗೆ ಜೋಡಿ ಮಡಕೆ ಒಳ್ಳೆಯದು. ಒಂದು ಕೆಜಿ ಬ್ಲೀಚಿಂಗ್ ಪೌಡರ್, ಎರಡು ಕೆಜಿ ದಪ್ಪ ಮರಳು ಸ್ವಲ್ಪ ತೇವ ಮಾಡಿ ಬೆರೆಸಿ ಒಳಮಡಕೆಗೆ ತುಂಬಿ. ಅದರ ಮೇಲ್ಭಾಗದಲ್ಲಿ, ತುಂಬಿದ ಮಟ್ಟಕ್ಕಿಂತ ಮೂರು ಸೆಂಟಿಮೀಟರ್ ಮೇಲೆ, ಒಂದು ಸೆಂಟಿಮೀಟರ್ ತೂತು. ಅದನ್ನು ಹೊರಮಡಕೆಯೊಳಗಿಟ್ಟು ಬಾಯಿ ಕಟ್ಟಿ. ಹೊರಮಡಕೆಯ ತೂತು ತಳದಿಂದ ನಾಲ್ಕು ಸೆಂಟಿಮೀಟರ್ ಮೇಲೆ ಇರಲಿ. ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ತೂಗುಬಿಟ್ಟರೆ 4,500 ಲೀಟರಿನ, ದಿನಕ್ಕೆ 400 ಲೀಟರ್ ಸೇದುವ ಬಾವಿಗೆ ಎರಡು ಮೂರು ವಾರ ಬರುತ್ತದೆ.

ನೆರೆ, ಕುಸಿತದ ನಂತರ

2018ರ ಆಗಸ್ಟಿನಂಥ ಮಳೆಯಲ್ಲಿ ಬಾವಿಗೆ ಕೆಸರು, ಸತ್ತ ಪ್ರಾಣಿ, ಶೌಚಗುಂಡಿಯ ನೀರು ಎಲ್ಲವೂ ಸೇರುತ್ತದೆ. ಮಳೆ ನಿಂತ ತಕ್ಷಣ ಬಾವಿ ಬರಿದು ಮಾಡಲು ಹೋಗಬೇಡಿ. ಸುತ್ತಲಿನ ಮಣ್ಣು ನೀರು ತುಂಬಿ ಭಾರವಾಗಿರುವಾಗ ಒಳಗಿನ ನೀರು ತೆಗೆದರೆ ಗೋಡೆ ಒಳಕ್ಕೆ ಕುಸಿಯುತ್ತದೆ. ಸುತ್ತಲ ನೀರು ಇಳಿಯುವವರೆಗೆ ಕಾದು, ಹಂತ ಹಂತವಾಗಿ ಖಾಲಿ ಮಾಡಿ ಕೆಸರೆತ್ತಿ, ಗೋಡೆಯನ್ನು ಬರೀ ನೀರು, ಬ್ರಷ್ಷಿನಿಂದ ಉಜ್ಜಿ ಎಲ್ಲರೂ ಮೇಲೆ ಬನ್ನಿ. ಬಾವಿ ಮತ್ತೆ ತುಂಬಿದ ಮೇಲೆ 1,000 ಲೀಟರಿಗೆ 170 ಗ್ರಾಂ ಪುಡಿಯ ಲೆಕ್ಕದಲ್ಲಿ ಗಟ್ಟಿ ಪ್ರಮಾಣ ಹಾಕಬೇಕು. ಮೇಲಿನ ಉದಾಹರಣೆಯ ಬಾವಿಗೆ ಸುಮಾರು 1.3 ಕೆಜಿ. ಬಕೆಟಿಗೆ 100 ಗ್ರಾಂನಂತೆ ಕಲಸಿ ತಿಳಿ ಸುರಿಯಿರಿ, ಪೈಪಿನಲ್ಲೂ ವಾಸನೆ ಬರುವವರೆಗೆ ನಲ್ಲಿ ಬಿಟ್ಟು ಮುಚ್ಚಿ, ಒಂದು ದಿನ ಹಾಗೇ ಬಿಡಿ. ಮರುದಿನ ಆ ನೀರನ್ನು ಘಾಟು ಹೋಗುವವರೆಗೆ ಹೊರಗೆ ಹಾಕಿ. ತೋಡಿಗೆ, ಮೀನಿನ ಕೆರೆಗೆ, ಗದ್ದೆಗೆ ಬಿಡಬೇಡಿ, ಖಾಲಿ ಜಾಗದಲ್ಲಿ ಇಂಗಲಿ. ಪರೀಕ್ಷೆಯ ವರದಿ ಬರುವವರೆಗೆ ನೀರನ್ನು ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿಯೇ ಕುಡಿಯಿರಿ.

ಶೌಚಗುಂಡಿ: ಜಾಗ, ಅಳತೆ, ಮಳೆಗಾಲದ ತೊಡಕು

ಐವರ ಮನೆಗೆ ಒಂದು ಮೀಟರ್ ಒಳವ್ಯಾಸ, 1.2 ಮೀಟರ್ ಆಳದ ಎರಡು ಇಂಗುಗುಂಡಿ ಸಾಕು. ಎರಡರ ನಡುವೆ ಗುಂಡಿಯ ಆಳದಷ್ಟಾದರೂ ಅಂತರವಿರಲಿ. ತಳಕ್ಕೆ ಸಿಮೆಂಟ್ ಹಾಕಬಾರದು. ಪಕ್ಕದ ಗೋಡೆಯಲ್ಲಿ ಸಂದಿ ಬಿಟ್ಟು ಇಟ್ಟಿಗೆ ಜೋಡಿಸಿ, ಮೇಲಿನ ಒಂದಡಿ ಮಾತ್ರ ಸಂದಿಯಿಲ್ಲದೆ ಕಟ್ಟಿ. ಎರಡಕ್ಕೂ ನಡುವೆ ವೈ ಆಕಾರದ ತೊಟ್ಟಿ, ಅದರ ಒಂದು ಬಾಯಿ ಯಾವಾಗಲೂ ಮುಚ್ಚಿರಬೇಕು. ಎರಡೂ ತೆರೆದಿದ್ದರೆ ಎರಡೂ ಒಟ್ಟಿಗೆ ತುಂಬುತ್ತವೆ, ಜೋಡಿ ಗುಂಡಿಯ ಉದ್ದೇಶವೇ ಹಾಳು. ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಕಪ್ಪು ಗೊಬ್ಬರ. ಅದನ್ನು ಕಾಫಿ ಬುಡಕ್ಕೆ ಹಾಕಿ, ಸೊಪ್ಪು ತರಕಾರಿಗೆ ಬೇಡ.

ಈ ಅಳತೆಯ ಗುಂಡಿ ಕುಶಾಲನಗರದ ಕಡೆ ಚೆನ್ನಾಗಿ ನಡೆಯುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಗದ್ದೆ ಅಂಚಿನಲ್ಲಿ ಅದೇ ಗುಂಡಿ ಜುಲೈಯಲ್ಲಿ ಉಕ್ಕಿ ಬರಬಹುದು. ಆದ್ದರಿಂದ ಇಂಗುವ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಒಂದಡಿ ಕುಳಿ ತೋಡಿ, ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಮರುದಿನ ಮತ್ತೆ ತುಂಬಿ ಅಳೆಯಿರಿ. ಒಂದು ಸೆಂಟಿಮೀಟರ್ ಇಳಿಯಲು ಅರ್ಧ ಗಂಟೆಗಿಂತ ಹೆಚ್ಚು ಬೇಕಾದರೆ ಇಂಗುಗುಂಡಿಗೆ ಆ ಜಾಗ ಬೇಡ. ಹತ್ತಿರದ ಬಾವಿಯಲ್ಲಿ ಜುಲೈಯ ನೀರಿನ ಮಟ್ಟವನ್ನೂ ನೋಡಿ. ಗುಂಡಿಯ ತಳ ಆ ಮಟ್ಟಕ್ಕಿಂತ ಎರಡು ಮೀಟರ್ ಮೇಲಿರಬೇಕು. ಸಿಗದಿದ್ದರೆ ಗುಂಡಿಯನ್ನು ಅಗಲ ಮಾಡಿ, ಆಳ ತಗ್ಗಿಸಿ, ನೆಲದಿಂದ ಮೇಲಕ್ಕೆ ಎತ್ತಿ ಕಟ್ಟಿ ಸುತ್ತ ಮಣ್ಣಿನ ದಿಬ್ಬ ಮಾಡಿ. ಹಾಗೆ ಮಾಡಿದರೆ ಶೌಚಾಲಯದ ನೆಲವನ್ನೂ ಎತ್ತರಿಸಬೇಕು, ಇಲ್ಲದಿದ್ದರೆ ಪೈಪಿಗೆ ಓಟ ಸಿಗುವುದಿಲ್ಲ. ಮುಚ್ಚಳ ನೆಲಮಟ್ಟದಿಂದ ಒಂದಡಿ ಮೇಲಿರಲಿ, ಸೂರಿನ ನೀರು ಅದರ ಮೇಲೆ ಬೀಳದಿರಲಿ.

ಸೆಪ್ಟಿಕ್ ಟ್ಯಾಂಕ್ ಕಟ್ಟಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ತುಂಬಿರುತ್ತದೆ. ಅದನ್ನು ಪೈಪಿನಲ್ಲಿ ತೋಡಿಗೆ ಬಿಡುವುದೆಂದರೆ ಕೆಳಗಿನವರ ಕೊಡಕ್ಕೆ ಬಿಟ್ಟಂತೆ. ಇಂಗುಗುಂಡಿ ಅದಕ್ಕೂ ಬೇಕು. ಸುರಕ್ಷತಾ ಸಾಧನಗಳಿಲ್ಲದೆ ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ಹೀರುವ ಲಾರಿಯನ್ನೇ ಕರೆಸಿ. ಲೈನ್ ಮನೆಗಳಲ್ಲಿ ಕುಡಿಯುವ ನೀರು, ಶೌಚಾಲಯ ಒದಗಿಸುವುದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮಾಲೀಕರ ಹೊಣೆ. ಕೊಯ್ಲಿನ ಮೂರು ತಿಂಗಳಿಗೆ ಬರುವ ಆಳುಗಳನ್ನೂ ಲೆಕ್ಕಕ್ಕೆ ಹಿಡಿದೇ ಗುಂಡಿಯ ಅಳತೆ ಹಾಕಬೇಕು.

ಕೊಡ, ಕೈ

ಕುಡಿಯುವ ನೀರಿಗೆ ನಲ್ಲಿ ಇರುವ, ಮುಚ್ಚಳದ ಪಾತ್ರೆ. ನಲ್ಲಿ ಇಲ್ಲದಿದ್ದರೆ ಉದ್ದ ಹಿಡಿಯ ಸೌಟು, ಅದನ್ನು ಗೋಡೆಗೆ ತೂಗುಹಾಕಿ. ಲೋಟ ಅದ್ದಿದ ಕ್ಷಣವೇ ಇದುವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಶೌಚದ ನಂತರ, ಮಗುವನ್ನು ತೊಳೆಸಿದ ನಂತರ, ಅಡುಗೆ, ಊಟಕ್ಕೆ ಮುಂಚೆ ಸೋಪು ಹಾಕಿ ಇಪ್ಪತ್ತು ಸೆಕೆಂಡ್ ಕೈ ಉಜ್ಜಬೇಕು. ಮಳೆಗಾಲದ ಚಳಿಗೆ ಮಕ್ಕಳು ತಣ್ಣೀರು ಮುಟ್ಟುವುದಿಲ್ಲ. ಬಚ್ಚಲ ಹಂಡೆಯ ಬಿಸಿನೀರು ಒಂದು ನಲ್ಲಿಯ ಡಬ್ಬಿಯಲ್ಲಿ ಶೌಚಾಲಯದ ಬಾಗಿಲ ಬಳಿ ಇದ್ದರೆ ತೊಳೆಯುತ್ತಾರೆ.

ಪರೀಕ್ಷೆ

ವರ್ಷಕ್ಕೆರಡು ಸಲ, ಮೊದಲ ಜೋರು ಮಳೆಯ ನಂತರ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ. ಮೊದಲ ಮಳೆಯದೇ ಮುಖ್ಯ, ನೆಲದ ಮೇಲಿನ ಕೊಳೆಯೆಲ್ಲ ಆಗ ಇಳಿಯುತ್ತದೆ. ಮನೆಯಲ್ಲೇ ಮಾಡುವ ಪರೀಕ್ಷೆಯ ಎಚ್2ಎಸ್ ಸೀಸೆಯಲ್ಲಿ ಗುರುತಿನವರೆಗೆ ನೀರು ತುಂಬಿ ಇಟ್ಟರೆ, ಮಲದ ಸೋಂಕಿದ್ದಾಗ ಕಪ್ಪಾಗುತ್ತದೆ. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಸೂಕ್ಷ್ಮಾಣು ನಿಧಾನ ಬೆಳೆಯುವುದರಿಂದ 24 ಗಂಟೆಗೆ ಕಪ್ಪಾಗಲಿಲ್ಲ ಎಂದು ಸಮಾಧಾನಪಡಬೇಡಿ. ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿಟ್ಟು 48 ಗಂಟೆ ನೋಡಿ. ಕ್ಲೋರಿನ್ ಹಾಕಿದ ನೀರಿಗೆ ಈ ಪರೀಕ್ಷೆ ಬೇಡ, ಅದಕ್ಕೆ ಕ್ಲೋರೋಸ್ಕೋಪ್ ಇದೆ.

ಪ್ರಯೋಗಾಲಯಕ್ಕೆ ಕಳಿಸುವುದಾದರೆ ಅವರೇ ಕೊಡುವ ಶುದ್ಧೀಕರಿಸಿದ ಬಾಟಲಿ ತನ್ನಿ, ನೀರಿಗೆ ಕ್ಲೋರಿನ್ ಹಾಕಿದ್ದರೆ ಮೊದಲೇ ಹೇಳಿ. ನಲ್ಲಿಯ ಬಾಯನ್ನು ಬೆಂಕಿಯಲ್ಲಿ ಬಿಸಿಮಾಡಿ, ಎರಡು ನಿಮಿಷ ನೀರು ಬಿಟ್ಟು ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. 100 ಮಿಲಿಲೀಟರಿನಲ್ಲಿ ಮಲದ ಸೋಂಕಿನ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಬಾರದು.

ದುರಸ್ತಿ, ಗಟ್ಟಿ ಕ್ಲೋರಿನ್ ಎಲ್ಲ ಆಗಿ ಎರಡು ವಾರದಲ್ಲಿ ಇ. ಕೋಲಿ ಮತ್ತೆ ಬಂದರೆ ಬಾವಿಗೆ ಕೊಳೆ ಬರುವ ದಾರಿ ಇನ್ನೂ ತೆರೆದಿದೆ. ಅನುಮಾನವಿರುವ ಶೌಚಗುಂಡಿಗೆ ನೀರಿನ ಜಾಡು ಹಿಡಿಯಲು ಬಳಸುವ ಫ್ಲೋರೆಸಿನ್ ಬಣ್ಣ ಹಾಕಿ, ಧಾರಾಳ ನೀರು ಸುರಿದು, ಕೆಲವು ವಾರ ಬಾವಿಯನ್ನು ಗಮನಿಸಿ. ಹಸಿರು ಕಂಡರೆ ದಾರಿ ಗೊತ್ತಾಯಿತು. ಕಾಣದಿದ್ದರೆ ಗುಂಡಿ ಕಾರಣವಲ್ಲ ಎಂದು ತೀರ್ಮಾನಿಸಬೇಡಿ, ಬಣ್ಣ ಮಣ್ಣಿಗೆ ಅಂಟಿ ಉಳಿಯುತ್ತದೆ. ಮೇಲ್ಬದಿಯಲ್ಲಿ ನೂರಡಿಯೊಳಗೆ ಗುಂಡಿ ಇದ್ದು ವರದಿ ಮತ್ತೆ ಮತ್ತೆ ಕೆಡುತ್ತಿದ್ದರೆ, ಬೇಸಿಗೆಯಲ್ಲಿ ಗುಂಡಿಯನ್ನು ಕೆಳಕ್ಕೆ ಸಾಗಿಸಿ, ಹಳೆಯದಕ್ಕೆ ಸುಣ್ಣ ಹಾಕಿ ಮಣ್ಣು ತುಂಬಿ, ಮುಂದಿನ ಮೊದಲ ಮಳೆಗೆ ನೀರನ್ನು ಮತ್ತೆ ಪರೀಕ್ಷೆಗೆ ಕೊಡಿ.